ನೂರ ಎಂಬತ್ತೇಳನೆಯ ಸಾಲು

ಹಸಿರು, ಮತ್ತೊಂದು ಹಸಿರು, ಅದರ ಕೆಳಗೆ ಇನ್ನೊಂದು — ನೋಡ್ತಾ ಇರಿ ಸ್ವಾಮಿ, ರೆಪ್ಪೆ ಹೊಡೀಬೇಡಿ, ವಿಶಾಖಪಟ್ಟಣದ ಬಂದರಿನಿಂದ ಭೀಮಿಲಿ ದಡದವರೆಗೆ ಟಾರ್ಚು ಹಿಡಿದು ಹುಡುಕಿದರೂ ನಮ್ಮ ಪೈಡಿರಾಜುವಿನಂಥ ಗಂಡು ನಿಮಗೆ ಸಿಗುವುದಿಲ್ಲ, ವಯಸ್ಸು ಇಪ್ಪತ್ತನಾಲ್ಕು, ಕೋಡಿಗೆ ಬರೆದ ಪರೀಕ್ಷೆ ಇನ್ನೂರ ಹದಿನಾಲ್ಕು, ಕೆಂಪು ಬಿದ್ದದ್ದು ಸೊನ್ನೆ, ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಕೋಡಿನೊಳಗಿನ ತಪ್ಪುಗಳು ಆಟೋ ಹಿಡಿದು ಊರು ಬಿಡುತ್ತವೆ — ಇದು ಅವನದೇ ಡೈಲಾಗು, ಋಷಿಕೊಂಡದ ಮೇಲಿನ ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಕಾಲರ್ ಎತ್ತಿ ಹೊಡೆಯುತ್ತಿದ್ದ, ಹೊಡೆದಾಗೆಲ್ಲ ಒಬ್ಬರಾದರೂ ಶಿಳ್ಳೆ ಹಾಕುತ್ತಿದ್ದರು. ಇಲ್ಲಿ ಯಾರೂ ಹಾಕುತ್ತಿಲ್ಲ. ಮೀನು ಹರಾಜಿನ ಕಟ್ಟೆ, ತಗಡಿನ ಸೂರು, ಹನ್ನೊಂದು ಗಂಟೆಯ ಬಿಸಿಲು ಸೂರಿನ ತೂತುಗಳಿಂದ ಇಳಿದು ಒದ್ದೆ ನೆಲದ ಮೇಲೆ ಬೊಟ್ಟು ಬೊಟ್ಟಾಗಿ ಬಿದ್ದಿದೆ, ಐಸು ಕರಗಿದ ನೀರು ಶೂ ಒಳಗೆ ಬಂದಿದೆ, ದಿನಾ ಮೀನಿನ ದರ ತೋರಿಸುವ ಟೀವಿಗೆ ಅವನ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದ್ದಾರೆ, ನೂರೈವತ್ತು ಜನ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದಾರೆ, ಸಾಲುಗಳು ಇಂಗ್ಲಿಷಿನವು, ಇವರಿಗೆ ಬೇಕಾದದ್ದು ಬಣ್ಣ ಮಾತ್ರ, ಹಸಿರಾದರೆ ದೋಣಿಗಳಿಗೆ ಗಾಳಿಯ ಎಚ್ಚರಿಕೆ ಕಳಿಸುವ ಯಂತ್ರ ಸರಿ, ಯಂತ್ರ ಸರಿಯಾದರೆ ತಪ್ಪು ಎಲ್ಲಾಜಿಯದು, ಮೀನಿಗೆ ಹೋಗಿ ತಿರುಗಿ ಬರದ ಎರ್ರಯ್ಯನನ್ನು ಸಮುದ್ರಕ್ಕೆ ಕೊಟ್ಟವನು ವೈರ್‌ಲೆಸ್ ಎಲ್ಲಾಜಿ — ದೋಣಿಗಾರರ ಸಂಘದ ಅಧ್ಯಕ್ಷ ದಾನಯ್ಯ ಈಗತಾನೇ ಮೈಕು ಹಿಡಿದು ಹೇಳಿದ್ದಾನೆ, ಕೇಳ್ರಪ್ಪಾ, ಕೂಗಾಡಬೇಡಿ, ಆಫೀಸಿನ ಹುಡುಗ ಬಂದಿದಾನೆ, ಎಲ್ಲರ ಕಣ್ಣ ಮುಂದೇನೇ ಪರೀಕ್ಷೆ ಮಾಡಿ ತೋರಿಸ್ತಾನೆ, ದೋಣಿಗೆ ಸುದ್ದಿ ಮುಟ್ಟದೇ ಇದ್ರೆ ಯಂತ್ರ ಕೆಂಪು ತೋರಿಸ್ತದೋ ಇಲ್ವೋ ಅಂತ, ತೋರಿಸ್ತದೆ ಅಂದ್ರೆ ಎಲ್ಲಾಜಿ ನೋಡಿಲ್ಲ ಅಂತಾಯ್ತು, ಇವತ್ತಿಂದ ಅವನ ಮನೆಯೋರು ಯಾರೂ ಈ ಕಟ್ಟೆ ಹತ್ತಂಗಿಲ್ಲ, ಮೀನು ಮಾರಂಗಿಲ್ಲ, ಯಾರ ದೋಣಿಗೂ ಕೂಲಿ ಹೋಗಂಗಿಲ್ಲ, ಒಪ್ಪಿಗೆನಾ. ಒಪ್ಪಿಗೆ ಅಂದರು. ಒಪ್ಪಿಗೆ ಅನ್ನುವಾಗ ಎಲ್ಲರ ಧ್ವನಿ ಒಂದೇ ಸಮ ಹೇಗೆ ಬಂತು, ಬಲೆ ಎಳೆಯುವಾಗಿನ ಹಾಗೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಹಸಿರು.

ಎಲ್ಲಾಜಿ ಆ ಮೂಲೆಯಲ್ಲಿ ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದಾನೆ, ನೋಡಬೇಡ ಪೈಡಿ, ಟೀವಿ ನೋಡು, ನೋಡಿಯೇಬಿಟ್ಟ — ಮುಖ ಕಾಣಲಿಲ್ಲ, ಕೈ ಕಂಡಿತು, ಬಲಗೈ ಹೆಬ್ಬೆರಳು ತೊಡೆಯ ಮೇಲೆ ಒತ್ತುತ್ತಿದೆ, ಬಿಡುತ್ತಿದೆ, ಮತ್ತೆ ಒತ್ತುತ್ತಿದೆ, ಅಲ್ಲಿ ಗುಂಡಿಯೂ ಇಲ್ಲ ಏನೂ ಇಲ್ಲ, ಹಳೇ ಪಂಚೆ ಮಾತ್ರ, ಮೂವತ್ತೊಂದು ವರ್ಷ ವೈರ್‌ಲೆಸ್ ಕೋಣೆಯಲ್ಲಿ ಕೂತು ಮೈಕಿನ ಗುಂಡಿ ಒತ್ತಿ ಒತ್ತಿ ಆ ಬೆರಳ ತುದಿ ಚಪ್ಪಟೆಯಾಗಿ ಚರ್ಮ ಜಡ್ಡುಗಟ್ಟಿದೆ, ಮುಟ್ಟಿ ನೋಡು ಅಂದಿದ್ದ ಏಪ್ರಿಲ್‌ನಲ್ಲಿ, ಮುಟ್ಟಿದ್ದ ಪೈಡಿ, ಒಣಗಿದ ಚಿಪ್ಪಿನ ಹಾಗಿತ್ತು. ಆಗ ಮೀನುಗಾರಿಕೆಗೆ ರಜೆಯ ಕಾಲ, ಎರಡು ತಿಂಗಳು ಯಾವ ದೋಣಿಯೂ ನೀರಿಗಿಳಿಯುವಂತಿಲ್ಲ, ಯಂತ್ರ ಕೂರಿಸಲು ಪೈಡಿ ದಿನಾ ಬೈಕಿನಲ್ಲಿ ಬರುತ್ತಿದ್ದ, ಎಲ್ಲಾಜಿ ತಾಟಿನಿಂಗು ಸುಲಿದು ಸುಲಿದು ಅವನ ಕೈಗೆ ಹಾಕುತ್ತಿದ್ದ, ತಿನ್ನೋ, ಹೊಟ್ಟೆ ತಣ್ಣಗಾಗ್ತದೆ, ಆಫೀಸಿನ ಏಸಿ ಹೊರಗಿನ ಚರ್ಮಕ್ಕೆ ಅಷ್ಟೇ ಕಣೋ. ಕೆಲಸ ಹೆಂಗೆ ಬಾಬಾಯಿ ಅಂತ, ಚಿಕ್ಕಪ್ಪನನ್ನು ಕರೆದ ಹಾಗೆ, ಕೇಳಿದರೆ ಮೈಕು ಕೈಗೆ ಕೊಟ್ಟು ತೋರಿಸಿದ, ಇದನ್ನ ಒತ್ತಿದ್ರೆ ಬಾಯಿ, ಬಿಟ್ರೆ ಕಿವಿ, ದೋಣಿ ಹೆಸರು ಕರೀತೀನಿ, ಗಾಳಿ ಬರ್ತಾ ಇದೆ ತಿರುಗ್ರಪ್ಪಾ ಅಂತೀನಿ, ಬಿಡ್ತೀನಿ, ಬಿಟ್ಟಮೇಲೆ ಬಾಯ್ಮುಚ್ಕೊಂಡು ಕೂತ್ಕೋಬೇಕು, ಆ ಕಡೆಯೋನು ಕೇಳಿಸ್ತು ಅನ್ನೋವರೆಗೂ ಮುಂದಿನ ದೋಣಿ ಹೆಸರು ಎತ್ತಬಾರದು, ನಮ್ಮ ಗುರುಗಳು ಹೇಳಿಕೊಟ್ಟಿದ್ದು ಇಷ್ಟೇ. ನಲವತ್ತೊಂದು ದೋಣಿಗೂ ಹಿಂಗೇ ಕೂತ್ರೆ ಬಿರುಗಾಳಿಗೇ ಬೇಜಾರಾಗಿ ಮನೆಗೆ ಹೋಗ್ತದೆ ಬಾಬಾಯಿ, ಅಂದಿದ್ದ ಪೈಡಿ. ಎಲ್ಲಾಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮುತ್ತಲೇ, ನಿನ್ನ ಬಾಯಿಗಿಷ್ಟು ಉಪ್ಪು ಹಾಕ, ನೀನು ಸಿನಿಮಾಕ್ಕೆ ಸೇರಿಕೊಳ್ಳಪ್ಪ ಅಂದಿದ್ದ. ಐವತ್ತಾರು, ಐವತ್ತೇಳು, ಓಡುತ್ತಿವೆ, ಸುಲಭದವು ಎಲ್ಲ ಮೊದಲೇ ಮುಗಿಯುತ್ತವೆ, ದೋಣಿಯ ಹೆಸರು ಬರೆಯಬಹುದೇ, ಬರೆಯಬಹುದು, ಸಂಖ್ಯೆ ಕೂಡಬಹುದೇ, ಕೂಡಬಹುದು, ಇವುಗಳಿಗೆ ಯಾಕೆ ಪರೀಕ್ಷೆ, ಎಣಿಕೆ ಹೆಚ್ಚಿಸಲು ಬರೆದದ್ದು, ಇನ್ನೂರು ದಾಟಿದರೆ ಕೇಕ್ ತರಿಸ್ತೀನಿ ಅಂದಿದ್ದಳು ಆಫೀಸಿನಲ್ಲಿ ಅವನ ಮೇಲಿನವಳಾದ ಹೈಮಕ್ಕ, ತರಿಸಿದ್ದಳು, ಕೇಕಿನ ಮೇಲೂ ಹಸಿರು ಟಿಕ್ ಗುರುತು.

ಯಂತ್ರದ ಕೆಲಸ ಮಗುವಿಗೂ ಅರ್ಥವಾಗುವಂಥದ್ದು, ಪೈಡಿ ಇದೇ ಕಟ್ಟೆಯ ಮೇಲೆ ನಿಂತು ಕೈ ಬೀಸಿ ಬೀಸಿ ವಿವರಿಸಿದ್ದ, ಪ್ರತಿ ದೋಣಿಯಲ್ಲೊಂದು ಡಬ್ಬಿ, ಗಾಳಿಯ ಎಚ್ಚರಿಕೆ ಬಂದ ತಕ್ಷಣ ನಲವತ್ತೊಂದು ಡಬ್ಬಿಗೂ ಒಂದೇ ಏಟಿಗೆ ಸುದ್ದಿ, ಮುಟ್ಟಿದ ದೋಣಿಯ ಹೆಸರು ಪರದೆಯ ಮೇಲೆ ಹಸಿರು, ಟವರ್ ಸಿಗದೆ ಮುಟ್ಟದಿದ್ದರೆ ಕೆಂಪು, ಕೆಂಪಾದವರನ್ನು ಮಾತ್ರ ಎಲ್ಲಾಜಿ ಬಾಬಾಯಿ ವೈರ್‌ಲೆಸ್‌ನಲ್ಲಿ ಕರೆದರೆ ಆಯ್ತು, ಉಳಿದ ಹೊತ್ತು ಕಾಲು ಚಾಚಿ ಟೀ ಕುಡೀಬಹುದು, ಜನ ಚಪ್ಪಾಳೆ ಹೊಡೆದಿದ್ದರು, ಎರ್ರಯ್ಯನೂ ಹೊಡೆದಿದ್ದ, ಮುಂದಿನ ಸಾಲಿನಲ್ಲೇ ನಿಂತಿದ್ದ, ಹಲ್ಲಿನ ಸಂದಿಯಲ್ಲಿ ಬೀಡಿ, ತಮ್ಮಾ, ನಿನ್ನ ಡಬ್ಬಿ ನನ್ನ ಹೆಂಡ್ತಿಗೂ ಸುದ್ದಿ ಕಳಿಸ್ತದಾ, ನಾನು ಎಲ್ಲಿದ್ದೀನಿ ಅಂತ, ಕಳಿಸ್ತದೆ ಅಂದ್ರೆ ನನಗೆ ಬೇಡ ಕಣಪ್ಪ. ಎಲ್ಲ ನಕ್ಕರು. ಎಲ್ಲಾಜಿ ಒಬ್ಬ ಕೇಳಿದ್ದ, ಮುಟ್ಟಲಿಲ್ಲ ಅನ್ನೋದು ಅದಕ್ಕೆ ಹೆಂಗೆ ಗೊತ್ತಾಗ್ತದೋ. ಗೊತ್ತಾಗ್ತದೆ ಬಾಬಾಯಿ, ಅದಕ್ಕೇ ಪರೀಕ್ಷೆ ಬರೆದಿದೀನಿ, ಟವರ್ ಇಲ್ಲ ಅಂತ ನಾಟಕ ಮಾಡಿ ಸುದ್ದಿ ಕಳಿಸ್ತೀನಿ, ಅದು ಸೋತೆ ಅನ್ನಬೇಕು, ಸೋತೆ ಅಂದ್ರೆ ಪರೀಕ್ಷೆ ಪಾಸು, ಆಗ ನನಗೆ ಹಸಿರು. ಸೋತ್ರೆ ಪಾಸಾ, ನಿಮ್ಮ ಆಫೀಸಿನ ಓದೇ ಚೆನ್ನಾಗಿದೆ ಬಿಡು, ಅಂದಿದ್ದ ಎಲ್ಲಾಜಿ. ಅದು ನೂರ ಎಂಬತ್ತೇಳನೆಯ ಸಾಲು. ಈಗ ಎಷ್ಟು, ತೊಂಬತ್ತೆರಡು. ಇನ್ನೂ ಸಮಯ ಇದೆ, ಯಾವುದಕ್ಕೆ ಸಮಯ, ಬಾಯಿ ತೆರೆಯುವುದಕ್ಕೆ, ಬೆಳಗ್ಗೆ ತಿಂದ ಪೆಸರಟ್ಟಿನ ಶುಂಠಿ ಇನ್ನೂ ಬಾಯಲ್ಲೇ ಇದೆ.

ಸುದ್ದಿ ಕಳಿಸುವ ಕೆಲಸ ಕೈಯೆತ್ತಿದ ಕೂಡಲೇ ಮುಗಿಯುವಂಥದ್ದಲ್ಲ, ಕೋಡು ಬರೆದಿರುವ ಜಾವಾಸ್ಕ್ರಿಪ್ಟ್ ಭಾಷೆ ಅಂಥ ಕೆಲಸಗಳನ್ನು ಹೊರಗೆ ಕಳಿಸಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಹೋದವನು ಎಷ್ಟೋ ಹೊತ್ತಿನ ಮೇಲೆ ಆಯ್ತು ಅಂತಲೋ ಆಗಲಿಲ್ಲ ಅಂತಲೋ ಉತ್ತರ ತರುತ್ತಾನೆ, ಪರೀಕ್ಷೆ ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಕಾಯಬೇಕು, ಕಾಯಿ ಅಂತ ಹೇಳಲು ಇರುವುದು ಒಂದೇ ಪದ, ಅವೇಟ್, ಇಂಗ್ಲಿಷಿನ ಐದು ಅಕ್ಷರ, ಆಮೇಲೊಂದು ಖಾಲಿ ಜಾಗ. ಆ ಪದ ಬಿಟ್ಟುಹೋದರೆ ಕಾಯುವುದಿಲ್ಲ. ಪ್ರಶ್ನೆ ಕೇಳಿ, ಹುಡುಗ ಬಾಯಿ ತೆರೆಯುವ ಮುಂಚೆಯೇ ಪಾಸು ಅಂತ ಬರೆದು, ಪುಸ್ತಕ ಮಡಚಿ ಬಸ್ಸು ಹತ್ತಿದ ಮೇಷ್ಟ್ರ ಹಾಗೆ — ಹುಡುಗ ಆಮೇಲೆ ಏನು ಹೇಳಿದರೂ ಖಾಲಿ ಕ್ಲಾಸಿಗೆ ಹೇಳಿದ ಹಾಗೆ. ಬಿಟ್ಟುಹೋಗುತ್ತದೆ, ಎಲ್ಲರಿಗೂ ಹೋಗುತ್ತದೆ, ದೊಡ್ಡ ದೊಡ್ಡವರಿಗೂ, ಹೈಮಕ್ಕನೇ ಮೊದಲ ದಿನ ಹೇಳಿದ್ದಳು, ನೋಡು ಪೈಡಿ, ಈ ಕೆಲಸದಲ್ಲಿ ಕೆಂಪು ಬಿದ್ರೆ ಹೆದರಬೇಡ, ಸುಳ್ಳು ಹಸಿರಿಗೆ ಹೆದರು, ಕೆಂಪು ನಿನ್ನ ಬೈದು ಬಿಡ್ತದೆ, ಸುಳ್ಳು ಹಸಿರು ಬೆನ್ನು ತಟ್ಟಿ ಕೊಲ್ತದೆ. ಸೂಪರ್ ಡೈಲಾಗ್ ಅಕ್ಕಾ, ಇಂಟರ್‌ವಲ್‌ಗೆ ಇಡೋಣ ಅಂದಿದ್ದ. ಅಂದಿದ್ದು ಯಾವಾಗ, ಎರಡು ವರ್ಷವಾಯಿತು, ಅವಳು ನಗಲಿಲ್ಲ, ಈಗ ನೆನಪಾಗುತ್ತದೆ. ಆ ಶುಕ್ರವಾರ ಅವಸರವಿತ್ತು, ಶನಿವಾರ ರಜೆ ಮುಗಿದು ದೋಣಿಗಳು ನೀರಿಗಿಳಿಯುವ ದಿನ, ಸಂಜೆ ಐದಕ್ಕೆ ಯಂತ್ರ ಚಾಲೂ ಆಗಬೇಕಿತ್ತು, ಅವಸರದಲ್ಲಿ ಒಂದು ಪದ ಬಿದ್ದುಹೋಯಿತು, ಮನುಷ್ಯನಲ್ಲವೇ, ಬಿದ್ದುಹೋಯಿತು, ಹಾಗೇ ಅಂದುಕೋ ಪೈಡಿ, ಬಿದ್ದುಹೋಯಿತು. ನೂರ ಹದಿನೆಂಟು.

ಮೆಣಸಿನಕಾಯಿ ಹಾರ. ಅದು ಯಾಕೆ ನೆನಪಿಗೆ ಬರಬೇಕು ಈಗ, ಬರಬೇಡ ಅಂದರೂ ಬರುತ್ತದೆ, ಪೂರ್ಣಾ ಮಾರ್ಕೆಟ್ಟಿನಿಂದ ಒಣಮೆಣಸಿನಕಾಯಿ ತಂದು ದಾರಕ್ಕೆ ಪೋಣಿಸಿದವನು ಪೈಡಿಯೇ, ಯಾರ ಕೋಡಿನಿಂದ ಪರೀಕ್ಷೆ ಕೆಂಪಾಗುತ್ತದೋ ಅವನ ಕೊರಳಿಗೆ ಹಾರ, ಹಸಿರಾಗುವವರೆಗೆ ತೆಗೆಯುವಂತಿಲ್ಲ, ಊಟಕ್ಕೆ ಹೋದರೂ ಹಾಕಿಕೊಂಡೇ ಹೋಗಬೇಕು, ಆಫೀಸು ಬಿದ್ದು ಬಿದ್ದು ನಕ್ಕಿತ್ತು. ಲೋಕನಾಥಂ ಮೂರು ದಿನ ಹಾಕಿಕೊಂಡಿದ್ದ, ಪಾಪ ಮಾತು ಕಡಿಮೆ, ಮೂರನೇ ದಿನ ಕಣ್ಣು ಉಜ್ಜಿಕೊಂಡು ಉರಿ ತಡೆಯದೆ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತಿದ್ದ, ಪೈಡಿ ಅದನ್ನೂ ಫೋನಿನಲ್ಲಿ ಹಿಡಿದು, ನಾಯಕ ನಟನ ಮೊದಲ ಕಣ್ಣೀರು, ನೂರನೇ ದಿನದತ್ತ, ಅಂತ ಗುಂಪಿಗೆ ಹಾಕಿದ್ದ. ಅದೇ ಲೋಕನಾಥಂ ಆ ಶುಕ್ರವಾರ ಮೂರೂವರೆಗೆ ಹಾರ ಹಿಡಿದು ಪೈಡಿಯ ಕುರ್ಚಿಯ ಹಿಂದೆ ಬಂದು ನಿಂತ, ಬೆರಳಲ್ಲಿ ತಿರುಗಿಸುತ್ತ, ಹೀರೋಗಾರೂ, ಕತ್ತು ಬಗ್ಗಿಸ್ತೀರಾ, ನಾನೇ ಬಗ್ಗಿಸ್ಲಾ, ಹಿಂದೆ ಹನ್ನೆರಡು ಜನ, ಹನ್ನೆರಡೂ ಫೋನು ಮೇಲೆ. ಎರಡೇ ನಿಮಿಷ ಕೊಡಯ್ಯಾ, ಕ್ಲೈಮ್ಯಾಕ್ಸ್ ಬಾಕಿ ಇದೆ ಅಂದ ಪೈಡಿ. ಎರಡು ನಿಮಿಷವೂ ಬೇಕಾಗಲಿಲ್ಲ. ಹಸಿರು ಬಿತ್ತು, ಹಾರ ತಿರುಗಿ ಲೋಕನಾಥಂನ ಕೊರಳಿಗೇ ಬಿತ್ತು, ಶಿಳ್ಳೆ, ಶಿಳ್ಳೆ, ಮೇಜು ಬಡಿದರು, ಹೈಮಕ್ಕ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದಳು — ಹೆಬ್ಬೆರಳು, ಮತ್ತೆ ಹೆಬ್ಬೆರಳು, ಆ ಕಡೆ ನೋಡಬೇಡ, ಒತ್ತುತ್ತಲೇ ಇದ್ದಾನೆ, ಪಂಚೆಯ ಮೇಲೆ, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಬಿಟ್ಟಾಗ ತಲೆ ಒಂದು ಕಡೆಗೆ ವಾಲಿಸುತ್ತಾನೆ, ಕಿವಿ ಕೊಟ್ಟ ಹಾಗೆ.

ದೋಣಿಗಳು ನೀರಿಗಿಳಿದ ಮೇಲಿನ ಮೂರನೇ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಎಚ್ಚರಿಕೆ ಬಂತು. ನಲವತ್ತೊಂದೂ ಹಸಿರು. ಎಲ್ಲಾಜಿ ಹೇಳುವುದು ಹಾಗೆ, ಎಂಟು ದಿನದಿಂದ ಅದನ್ನೇ ಹೇಳುತ್ತಿದ್ದಾನೆ, ಪೊಲೀಸರಿಗೆ, ದಾನಯ್ಯನಿಗೆ, ಬೀದಿಯಲ್ಲಿ ಸಿಕ್ಕವರಿಗೆ, ಎಲ್ಲಾ ಹಸಿರಿತ್ತಪ್ಪಾ, ನಾನು ಎರಡು ಸಲ ಎಣಿಸಿದೆ, ಆದರೂ ಮೈಕು ಕೈಗೆ ತಗೊಂಡೆ, ಆಮೇಲೆ ಹುಡುಗ ಹೇಳಿದ್ದು ನೆನಪಾಗಿ ಇಟ್ಟುಬಿಟ್ಟೆ. ಹುಡುಗ ಹೇಳಿದ್ದು. ಮೂವತ್ತೆಂಟು ದೋಣಿ ಸುದ್ದಿ ಸಿಕ್ಕು ತಿರುಗಿದವು, ಉಳಿದ ಮೂರು ದೋಣಿ ಟವರ್ ಸಿಗದಷ್ಟು ಆಚೆ ಇದ್ದವು, ಎರಡು ಮೋಡ ನೋಡಿ ತಾವಾಗಿ ತಿರುಗಿದವು, ಮೂರನೆಯದು ಎರ್ರಯ್ಯನದು, ವಂಜರಂ ಮೀನು ಸಿಕ್ಕಿತ್ತಂತೆ, ಬಲೆ ಭಾರವಾಗಿತ್ತಂತೆ, ಇನ್ನೊಂದು ಎಳೆತ ಅಂದನಂತೆ, ನಾಲ್ವರು ಐಸ್ ಪೆಟ್ಟಿಗೆ ತಬ್ಬಿಕೊಂಡು ಬಂದರು, ಆ ನಾಲ್ವರೂ ಇಲ್ಲೇ ಕೂತಿದ್ದಾರೆ, ಒಬ್ಬನ ಎದೆಯ ಮೇಲೆ ಪೆಟ್ಟಿಗೆಯ ಅಂಚು ಕೊರೆದ ಗೆರೆ ಇನ್ನೂ ಹಸಿಯಾಗಿದೆ, ಡಬ್ಬಿ ಒಂದು ಮಾತೂ ಆಡ್ಲಿಲ್ಲ, ವೈರ್‌ಲೆಸ್ ಆನೇ ಇತ್ತು, ಅದೂ ಮಾತಾಡ್ಲಿಲ್ಲ, ಅಂತ ಹೇಳಿದ್ದು ಅವನೇ. ಪರದೆಯ ಮೇಲೆ ಅವತ್ತು ಯಾವ ಬಣ್ಣ ಇತ್ತು ಅಂತ ತೆಗೆದು ತೋರಿಸಪ್ಪಾ ಅಂತ ದಾನಯ್ಯ ಕೇಳಿದ್ದ, ಆಗುವುದಿಲ್ಲ, ಹನ್ನೆರಡು ಗಂಟೆಗೊಮ್ಮೆ ಪರದೆ ತನ್ನಷ್ಟಕ್ಕೆ ಒರೆಸಿಕೊಳ್ಳುತ್ತದೆ, ಚೆನ್ನಾಗಿ ಕಾಣಲಿ ಅಂತ ಪೈಡಿಯೇ ಹಾಗೆ ಮಾಡಿದ್ದ. ಹಾಗಾಗಿ ಉಳಿದದ್ದು ಎಲ್ಲಾಜಿಯ ಮಾತು ಮತ್ತು ಈ ಇನ್ನೂರ ಹದಿನಾಲ್ಕು ಸಾಲು.

ಎರ್ರಯ್ಯನ ಹೆಂಡತಿ ಚಿನ್ನಮ್ಮಲು ಎದ್ದು ನಿಂತಿದ್ದಾಳೆ. ಅಳುತ್ತಿಲ್ಲ, ಅತ್ತು ಮುಗಿದಿದೆ, ಮೀನು ಮಾರುವ ಧ್ವನಿ, ಕಟ್ಟೆಯ ಕೊನೆಗೂ ಕೇಳುವಂಥದ್ದು, ಎಲ್ಲಾಜಿ ಅಣ್ಣಾ, ನಮ್ಮ ಮಾವನ್ನ ಕರೆದೆ, ನಮ್ಮ ಮೈದುನನ್ನ ಕರೆದೆ, ಮೂವತ್ತೊಂದು ವರ್ಷ ಈ ಕೇರಿಯ ಗಂಡಸರನ್ನೆಲ್ಲಾ ಹೆಸರು ಹಿಡಿದು ಮನೆಗೆ ಕರೆದೆ, ನನ್ನ ಗಂಡನ್ನ ಕರೆಯೋ ದಿನ ನಾಲಿಗೇನ ಎಲ್ಲಿ ಅಡವಿಟ್ಟಿದ್ದೆ. ಹಸಿರಿತ್ತಮ್ಮಾ. ಹೌದಪ್ಪಾ, ನಿನ್ನ ಕಣ್ಣಿಗೆ ಪೊರೆ ಬಂದು ಊರೆಲ್ಲಾ ಹಸಿರು, ಹಿಂದಿನಿಂದ ಯಾರೋ ಅಂದರು, ನಿದ್ದೆ ಹೊಡೀತಿದ್ದ ಬಿಡ್ರಿ, ಕಾಲು ಚಾಚಿಕೊಂಡು ಟೀ ಕುಡಿಯೋ ಕೆಲಸ ಅಲ್ವಾ, ಇನ್ನೊಬ್ಬ. ಕಾಲು ಚಾಚಿ ಟೀ — ಆ ಮಾತು ಯಾರದು. ನೂರ ಐವತ್ತು, ನೂರ ಐವತ್ತೊಂದು, ಇಲ್ಲಿಂದ ನಿಧಾನ, ಇವೆಲ್ಲ ಕಾಯುವ ಪರೀಕ್ಷೆಗಳು, ಒಂದೊಂದಕ್ಕೂ ಅರ್ಧ ಸೆಕೆಂಡು, ಹೋದವನು ಬರಬೇಕು, ಬಂದು ಹೇಳಬೇಕು, ಆಮೇಲೆ ಹಸಿರು, ಎಷ್ಟು ಶಿಸ್ತಾಗಿ ಬರೆದಿದ್ದಾನೆ ನೋಡಿ ಪೈಡಿ, ಇವುಗಳಲ್ಲೆಲ್ಲ ಆ ಪದ ಇದೆ. ಎಲ್ಲಾಜಿ ಈಗ ನೇರ ಅವನ ಕಡೆ ತಿರುಗಿದ್ದಾನೆ, ತಿರುಗಬೇಡ ಬಾಬಾಯಿ, ಒರೇಯ್ ಪೈಡಿ, ನೀನಾದ್ರೂ ಹೇಳೋ, ನೀನು ಮಾಡಿದ್ದಲ್ವಾ ಇದು, ನಾನು ಹಸಿರು ನೋಡಿದೆ ಅಂದ್ರೆ ಹಸಿರೇ ಇದ್ದಿರಬಹುದಲ್ವಾ, ಯಂತ್ರಕ್ಕೂ ಒಂದೊಂದ್ಸಲ ಕಣ್ಣು ಮಂಜಾಗಲ್ವಾ. ನೂರೈವತ್ತು ತಲೆ ಪೈಡಿಯ ಕಡೆ. ಇದೇ ಅಲ್ಲವೇ ಕ್ಯಾಮೆರಾ ಮುಖದ ಹತ್ತಿರ ಬರುವ ಜಾಗ, ಹಿನ್ನೆಲೆ ಸಂಗೀತ ನಿಂತು ಹೀರೋ ತುಟಿ ಬಿಚ್ಚುವ ಜಾಗ, ಎಷ್ಟು ಸಲ ಕನ್ನಡಿಯ ಮುಂದೆ ಆಡಿದ್ದಾನೆ, ಎಡಗೈ ಸೊಂಟದ ಮೇಲೆ, ಹುಬ್ಬು ಒಂದೇ ಮೇಲೆ. ನೋಡೋಣ ಬಾಬಾಯಿ, ಪರೀಕ್ಷೆ ಮುಗೀಲಿ. ಅಂದದ್ದು ಇಷ್ಟು. ಧ್ವನಿ ತನ್ನದೇ ಹೌದೋ ಅಲ್ಲವೋ. ಕೇಳಿದ್ರಲ್ಲ, ಮುಗೀಲಿ, ಅಂದ ದಾನಯ್ಯ, ಹುಡುಗ ತೂಕವಾಗಿ ಮಾತಾಡ್ತಾನೆ.

ನೂರ ಎಪ್ಪತ್ತು. ಬೆಳಗ್ಗೆ ಹೈಮಕ್ಕ ಫೋನಿನಲ್ಲಿ, ಪೈಡಿ, ನನಗೆ ಎಂಟು ದಿನದಿಂದ ಊಟ ಸೇರ್ತಿಲ್ಲ, ಆ ಎಲ್ಲಾಜಿ ಸುಳ್ಳು ಹೇಳೋ ಮುಖ ಅಲ್ಲ, ಆ ಒಂದು ಪರೀಕ್ಷೆ ನೀನು ನಿನ್ನ ಕಣ್ಣಲ್ಲಿ ತೆಗೆದು ನೋಡಿದೀಯಾ, ಸೋಲಬೇಕಾದಾಗ ಸೋಲ್ತದೆ ತಾನೇ. ಸೋಲ್ತದೆ ಅಕ್ಕ. ನೋಡಿದೆಯಾ. ನೋಡಿದೆ. ಹಾಗಾದ್ರೆ ಹೋಗಿ ತೋರಿಸು, ನಾನು ನಿನ್ನ ನಂಬಿದೀನಿ. ನೋಡಿದ್ದು ಸುಳ್ಳಲ್ಲ. ನೂರ ಎಪ್ಪತ್ತೆಂಟು. ವೈರು ಕೀಳಬಹುದು, ಕಾಲು ಜಾರಿದ ಹಾಗೆ ಬಿದ್ದು ವೈರು ಕಿತ್ತುಬಿಟ್ಟರೆ ಟೀವಿ ಕಪ್ಪಾಗುತ್ತದೆ, ನಾಳೆ ಬನ್ನಿ ಅನ್ನಬಹುದು, ನಾಳೆ ಏನಾಗುತ್ತದೆ, ನಾಳೆಯೂ ಅದೇ ಸಾಲು. ಅಥವಾ ಒಂದು ಮಾತು, ಬಾಬಾಯಿ ಹೇಳಿದ್ದು ನಿಜ, ಮೂರೇ ಪದ, ಹತ್ತು ಪುಟದ ಡೈಲಾಗು ಉಸಿರು ಬಿಡದೆ ಹೇಳುವವನಿಗೆ ಮೂರು ಪದ. ಹೇಳಿದರೆ ಏನಾಗುತ್ತದೆ, ಹೊಡೆಯುತ್ತಾರೆ, ಈ ನಾಲ್ವರು ಹೊಡೆಯುತ್ತಾರೆ, ಚಿನ್ನಮ್ಮಲು ಹೊಡೆಯುವುದಿಲ್ಲ, ನೋಡುತ್ತಾಳೆ, ಅದು ಆಗುವುದಿಲ್ಲ, ಅವಳು ನೋಡುವುದು ಆಗುವುದಿಲ್ಲ. ನೂರ ಎಂಬತ್ತಮೂರು, ನಾಲ್ಕು, ಬೆವರು ಕಣ್ಣಿಗಿಳಿದು ಉರಿಯುತ್ತಿದೆ, ಲೋಕನಾಥಂನ ಕಣ್ಣು, ನಲ್ಲಿಯ ನೀರು, ಐದು, ಆರು —

ಅದು ಕಾಯಲಿಲ್ಲ. ಉಳಿದವೆಲ್ಲ ಅರ್ಧ ಸೆಕೆಂಡು ತೆಗೆದುಕೊಂಡವು, ಇದು ರೆಪ್ಪೆ ಹೊಡೆಯುವಷ್ಟನ್ನೂ ತೆಗೆದುಕೊಳ್ಳಲಿಲ್ಲ, ಟವರ್ ಇಲ್ಲದಿದ್ದರೆ ಸೋತೆ ಎಂದು ಹೇಳಬೇಕು, ಹಸಿರು. ಇದೇನಾ ಅದು ಅಂದ ದಾನಯ್ಯ. ಪೈಡಿಯ ತಲೆ ಮೇಲೆ ಕೆಳಗೆ ಆಡಿತು. ಇದೇ. ಚಿನ್ನಮ್ಮಲು ಎಲ್ಲಾಜಿಯ ಕಾಲ ಬಳಿ ಉಗುಳಿದ ಸದ್ದು, ಕುಕ್ಕರಗಾಲಿನಿಂದ ಜನ ಏಳುವ ಸದ್ದು, ಕೆಳಗಿನ ಇಪ್ಪತ್ತೇಳು ಸಾಲು ಯಾರೂ ನೋಡಲಿಲ್ಲ, ಅವು ತಮ್ಮಷ್ಟಕ್ಕೆ ಹಸಿರಾದವು. ಎಲ್ಲಾಜಿ ಕೂಗಾಡುತ್ತಾನೆ ಅಂದುಕೊಂಡಿದ್ದ, ಕೂಗಾಡಲಿಲ್ಲ, ಟೀವಿಯ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಆ ಸಾಲನ್ನು ಬೆರಳಿನಿಂದ ಮುಟ್ಟಿದ, ಪೈಡಿಯ ಮುಖ ನೋಡಿದ, ಹಂಗಾದ್ರೆ ನಾನೇ ನೋಡ್ಲಿಲ್ಲವೇನಪ್ಪಾ, ಅಂದ, ಕೆಂಪು ಇದ್ದಿರಬೇಕು, ನನ್ನ ಕಣ್ಣಿಗೇ ಬೀಳಲಿಲ್ಲವೇನೋ, ಮೂರು ಹೆಸರು, ಎರ್ರಯ್ಯನ ಹೆಸರು ಕೆಂಪಾಗಿತ್ತು ಅಂತ ಈಗ ನೆನಪಿಗೆ ಬಂದಂಗೂ ಆಗ್ತದೆ, ಅಯ್ಯೋ, ನೋಡಿಯೂ ಟೀ ಕುಡಿದೆನಾ. ಅಂದು, ಸೊಂಟದಿಂದ ವೈರ್‌ಲೆಸ್ ಕೋಣೆಯ ಬೀಗದ ಕೈ ಬಿಚ್ಚಿ ದಾನಯ್ಯನ ಮುಂದೆ ಇಟ್ಟ. ಪೈಡಿಯ ಹೆಗಲ ಮೇಲೆ ಕೈಯಿಟ್ಟ. ನಿನ್ನದೇನೂ ತಪ್ಪಿಲ್ಲಪ್ಪಾ, ನೀನು ಚೆನ್ನಾಗೇ ಮಾಡಿದ್ದೆ.

ಬಿದ್ದುಹೋದದ್ದಲ್ಲ. ಪದ ಅಲ್ಲೇ ಇತ್ತು, ಪೈಡಿಯೇ ಬರೆದಿದ್ದ, ಆ ಶುಕ್ರವಾರ ಮೂರೂವರೆಗೆ ಪರೀಕ್ಷೆ ಕಾಯ್ದು ನೋಡಿಯೇ ಕೆಂಪಾಗಿತ್ತು, ಕೆಂಪಿನ ಕೆಳಗೆ ಸ್ಪಷ್ಟವಾಗಿ ಬರೆದಿತ್ತು, ಸೋಲಬೇಕಿತ್ತು, ಸೋಲಲಿಲ್ಲ, ಮುಟ್ಟಿತು ಎಂಬ ಉತ್ತರ ಬಂದಿದೆ, ಅವನು ಓದಿದ, ಅರ್ಥವೂ ಆಯಿತು, ತಪ್ಪುಗಳನ್ನು ಹಿಡಿಯಲು ತಾನೇ ಕೋಡಿನಲ್ಲಿ ಹಾಕಿದ ಬಲೆ, ಹಿಡಿದದ್ದನ್ನು ಯಾರಿಗೂ ಹೇಳದೆ ನೀರಿಗೇ ಬಿಡುತ್ತಿದ್ದದ್ದು ಕಂಡಿತು, ಸುದ್ದಿ ಮುಟ್ಟದ ದೋಣಿಗೂ ಹಸಿರೇ ಬೀಳುತ್ತದೆ, ಅದನ್ನು ಸರಿಮಾಡಲು ಒಂದು ದಿನ ಬೇಕಿತ್ತು, ಬೆನ್ನ ಹಿಂದೆ ಮೆಣಸಿನಕಾಯಿ ಹಾರ ಇತ್ತು, ಆರು ಸಲ ಗುಂಡಿ ಒತ್ತಿ ಆ ಪದ ಅಳಿಸಿದ, ಐದು ಅಕ್ಷರ ಮತ್ತು ಖಾಲಿ ಜಾಗ, ಸೋಮವಾರ ನೋಡೋಣ ಅಂದುಕೊಂಡ, ಸೋಮವಾರ ಕೇಕ್ ಇತ್ತು. ಅಷ್ಟಾಗಿದ್ದರೆ ಹುಡುಗಾಟಿಕೆ ಅನ್ನಬಹುದಿತ್ತೇನೋ. ಇವತ್ತು ಬೆಳಗ್ಗೆ ಎಂಟಕ್ಕೆ, ಆಫೀಸಿನಲ್ಲಿ ಒಬ್ಬನೇ ಕೂತು, ಎರ್ರಯ್ಯ ಎಂಟು ದಿನದಿಂದ ಬಂದಿಲ್ಲ ಅಂತ ಗೊತ್ತಿದ್ದು, ಇಲ್ಲಿ ಎಲ್ಲಾಜಿಯ ಪಂಚಾಯಿತಿ ಅಂತ ಗೊತ್ತಿದ್ದು, ಆ ಪದವನ್ನು ತಿರುಗಿ ಬರೆದು ಓಡಿಸಿ ನೋಡಿದ್ದ. ಕೆಂಪು. ಹತ್ತು ನಿಮಿಷ ಆ ಕೆಂಪನ್ನೇ ನೋಡುತ್ತ ಕೂತಿದ್ದ. ಆಮೇಲೆ ಮತ್ತೆ ಆರು ಸಲ ಒತ್ತಿದ, ಒಂದೊಂದಾಗಿ, ಯಾವ ಅವಸರವೂ ಇರಲಿಲ್ಲ, ಹಿಂದೆ ಯಾರೂ ನಿಂತಿರಲಿಲ್ಲ, ಅಳಿಸಿ, ಉಳಿಸಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಕೆಳಗಿಳಿದು ಪೆಸರಟ್ಟು ತಿಂದು, ಬೈಕು ಹತ್ತಿ ಬಂದ. ಜನ ಚದುರುತ್ತಿದ್ದಾರೆ, ವೈರು ಸುತ್ತಬೇಕು, ಸುತ್ತುತ್ತಿದ್ದಾನೆ, ಕಟ್ಟೆಯ ಕೊನೆಯ ಮೆಟ್ಟಿಲಿನಲ್ಲಿ ಎಲ್ಲಾಜಿ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದಾನೆ, ಇನ್ನು ಈ ಮೆಟ್ಟಿಲು ಹತ್ತುವಂತಿಲ್ಲ, ಇಳಿಯುತ್ತಲೂ ಇಲ್ಲ, ತುಟಿ ಆಡುತ್ತಿದೆ, ಒಂದೇ ಹೆಸರು, ಬಲಗೈ ಪಕ್ಕಕ್ಕೆ ಇಳಿಬಿದ್ದಿದೆ, ಹೆಬ್ಬೆರಳು ಗಾಳಿಯನ್ನು ಒತ್ತುತ್ತದೆ, ಬಿಡುತ್ತದೆ, ತಲೆ ವಾಲುತ್ತದೆ, ಹೆಬ್ಬೆರಳು ಒತ್ತುತ್ತದೆ, ಬಿಡುತ್ತದೆ, ತಲೆ ವಾಲುತ್ತದೆ, ಹೆಬ್ಬೆರಳು